ಒಂದೇ ನಡಿಗೆ ಎರಡು ಸಲ ಲೆಕ್ಕಕ್ಕೆ ಬಾರದಿರಲಿ: ಫಿಟ್‌ನೆಸ್ ಬ್ಯಾಂಡ್ ಮತ್ತು ಕ್ಯಾಲೊರಿ ಆ್ಯಪ್ ಜೊತೆಯಾಗಿ ಬಳಸುವ ಬಗೆ

ಕೈಗೆ ಕಟ್ಟಿದ ಬ್ಯಾಂಡ್ ಖರ್ಚಾದ ಕ್ಯಾಲೊರಿಯನ್ನು ಬರೆದಿಡುತ್ತದೆ, ಫೋನಿನ ಆ್ಯಪ್ ತಿಂದ ಕ್ಯಾಲೊರಿಯನ್ನು ಬರೆದಿಡುತ್ತದೆ. ಎರಡೂ ತಮ್ಮ ಪಾಡಿಗೆ ಇದ್ದಿದ್ದರೆ ತಕರಾರು ಇರಲಿಲ್ಲ. ಆದರೆ ಆ್ಯಪ್ ಕೂಡ ನಿಮ್ಮ ದಿನದ ಖರ್ಚನ್ನು ತನ್ನದೇ ರೀತಿಯಲ್ಲಿ ಅಂದಾಜು ಮಾಡಿಟ್ಟುಕೊಂಡಿರುತ್ತದೆ. ಅದರ ಮೇಲೆ ಬ್ಯಾಂಡಿನ ಅಂಕಿ ಬಂದು ಕೂತಾಗ ಒಂದೇ ಶ್ರಮಕ್ಕೆ ಎರಡು ಕಡೆ ಜಮೆ ಸಿಗುತ್ತದೆ. ಆದ್ದರಿಂದ ಜೋಡಿಸುವ ಮೊದಲೇ ಯಾವ ಲೆಕ್ಕ ಯಾರದ್ದು ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು.

ಮೊದಲು ಎರಡರಲ್ಲೂ ವಯಸ್ಸು, ಲಿಂಗ, ಎತ್ತರ ಮತ್ತು ತೂಕ ಒಂದೇ ಆಗಿವೆಯೇ ಎಂದು ನೋಡಿ. ಸುಮ್ಮನೆ ಮಲಗಿದ್ದರೂ ದೇಹಕ್ಕೆ ಬೇಕಾಗುವ ಶಕ್ತಿಯನ್ನು ಇವುಗಳಿಂದಲೇ ಲೆಕ್ಕ ಹಾಕಲಾಗುತ್ತದೆ. 1990ರಲ್ಲಿ ಪ್ರಕಟವಾದ, ಇಂದಿಗೂ ವ್ಯಾಪಕ ಬಳಕೆಯಲ್ಲಿರುವ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರದ ಪ್ರಕಾರ ತೂಕವನ್ನು 10ರಿಂದ, ಸೆಂಟಿಮೀಟರಿನಲ್ಲಿರುವ ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಿ, ವಯಸ್ಸಿನ 5 ಪಟ್ಟನ್ನು ಕಳೆದು, ಗಂಡಸರಿಗೆ 5 ಸೇರಿಸಬೇಕು, ಹೆಂಗಸರಿಗೆ 161 ಕಳೆಯಬೇಕು. 70 ಕಿಲೊ ತೂಕ, 170 ಸೆಂ.ಮೀ. ಎತ್ತರದ 35 ವರ್ಷದ ಗಂಡಸಿಗೆ ಇದು ದಿನಕ್ಕೆ ಸುಮಾರು 1,590 ಕ್ಯಾಲೊರಿ ಆಗುತ್ತದೆ. ತೂಕ ಬದಲಾದಾಗ ಆ್ಯಪಿನಲ್ಲಿ ತಿದ್ದಿ ಬ್ಯಾಂಡಿನಲ್ಲಿ ತಿದ್ದಲು ಮರೆಯುವುದು ಬಹು ಸಾಮಾನ್ಯ.

ಎರಡನೆಯದಾಗಿ, ಆ್ಯಪ್ ಕೇಳುವ ‘ಚಟುವಟಿಕೆಯ ಮಟ್ಟ’ದ ಪ್ರಶ್ನೆ. ದಿನವೂ ವ್ಯಾಯಾಮ ಮಾಡುತ್ತೇನೆಂದು ‘ಹೆಚ್ಚು ಚಟುವಟಿಕೆ’ ಎಂದು ಆರಿಸಿದರೆ ಆ್ಯಪ್ ಆ ವ್ಯಾಯಾಮವನ್ನು ಮುಂಚೆಯೇ ಸೇರಿಸಿಕೊಂಡಿರುತ್ತದೆ. ಸಂಜೆ ಬ್ಯಾಂಡ್ ಅದನ್ನೇ ಮತ್ತೆ ಕಳುಹಿಸುತ್ತದೆ. ಬ್ಯಾಂಡ್ ಜೋಡಿಸುವವರು ಅತ್ಯಂತ ಕಡಿಮೆ ಮಟ್ಟವನ್ನು ಆರಿಸಿ, ಅದಕ್ಕಿಂತ ಮೇಲಿನದನ್ನೆಲ್ಲ ಬ್ಯಾಂಡಿಗೇ ಬಿಡುವುದು ಮೇಲು. ಕೆಲವು ಆ್ಯಪ್‌ಗಳು ಬ್ಯಾಂಡಿನ ಇಡೀ ದಿನದ ಅಂಕಿಯನ್ನು ತಮ್ಮ ಅಂದಾಜಿನೊಂದಿಗೆ ಹೋಲಿಸಿ ವ್ಯತ್ಯಾಸವನ್ನಷ್ಟೇ ಸೇರಿಸುತ್ತವೆ ಅಥವಾ ಕಳೆಯುತ್ತವೆ. ಅಂಥವುಗಳಲ್ಲಿ ಮಧ್ಯಾಹ್ನ ಕಾಣುವ ಅಂಕಿ ರಾತ್ರಿಯ ತನಕದ ಊಹೆಯೂ ಆಗಿರಬಹುದಾದ್ದರಿಂದ ಅದನ್ನು ನಂಬಿ ಊಟ ಹೆಚ್ಚಿಸಬಾರದು.

ಮೂರನೆಯದು ಮಾಹಿತಿ ಬರುವ ದಾರಿ. ನಾನು ಎಡವಿದ್ದು ಇಲ್ಲಿಯೇ. ಎರಡು ವಾರ ನನ್ನ ಸಂಜೆಯ ನಡಿಗೆ ಬ್ಯಾಂಡಿನಿಂದ ಒಮ್ಮೆ, ಜೇಬಿನಲ್ಲಿದ್ದ ಫೋನಿನ ಹೆಜ್ಜೆಯೆಣಿಕೆಯಿಂದ ಇನ್ನೊಮ್ಮೆ ಆ್ಯಪಿಗೆ ಹೋಗುತ್ತಿತ್ತು. ಇಷ್ಟೊಂದು ಉಳಿಕೆ ಹೇಗೆ ಬಂತೆಂದು ಅನುಮಾನಿಸುವ ಬದಲು ನಾನು ಖುಷಿಪಟ್ಟಿದ್ದೆ. ಆ್ಯಂಡ್ರಾಯ್ಡ್ ಫೋನಿನಲ್ಲಿ ಹೆಲ್ತ್ ಕನೆಕ್ಟ್, ಐಫೋನಿನಲ್ಲಿ ಹೆಲ್ತ್ ಆ್ಯಪ್ ತೆರೆದು ಹೆಜ್ಜೆ ಮತ್ತು ಕ್ಯಾಲೊರಿಯನ್ನು ಯಾವ ಯಾವ ಆ್ಯಪ್ ಬರೆಯುತ್ತಿದೆ ಎಂದು ಪರಿಶೀಲಿಸಿ, ಬೇಡದ್ದರ ಅನುಮತಿ ತೆಗೆದುಹಾಕಿ. ಮೂಲಗಳ ಆದ್ಯತೆಯ ಪಟ್ಟಿಯಲ್ಲಿ ಬ್ಯಾಂಡನ್ನು ಮೇಲಕ್ಕೆ ತನ್ನಿ. ಬ್ಯಾಂಡಿನ ಸ್ವಂತ ಆ್ಯಪನ್ನು ಕ್ಯಾಲೊರಿ ಆ್ಯಪಿಗೆ ನೇರವಾಗಿ ಜೋಡಿಸಿದ್ದರೆ ಈ ನಡುವಿನ ದಾರಿಯನ್ನು ಮುಚ್ಚಬಹುದು. ಬ್ಯಾಂಡ್ ದಾಖಲಿಸಿದ ವ್ಯಾಯಾಮವನ್ನು ಕೈಯಾರೆ ಮತ್ತೊಮ್ಮೆ ಬರೆಯಬೇಡಿ.

ಇನ್ನು ವ್ಯಾಯಾಮದ ಹೊತ್ತು. ಬ್ಯಾಂಡಿನ ಹಿಂಬದಿಯ ಹಸಿರು ಬೆಳಕು ಚರ್ಮದೊಳಗೆ ರಕ್ತ ಏರಿಳಿಯುವುದನ್ನು ಗಮನಿಸಿ ಹೃದಯ ಬಡಿತ ಎಣಿಸುತ್ತದೆ. ಬ್ಯಾಂಡ್ ಸಡಿಲವಾಗಿದ್ದರೆ ಹೊರಗಿನ ಬೆಳಕು ನುಸುಳುತ್ತದೆ, ಕೆಲವೊಮ್ಮೆ ಹೆಜ್ಜೆಯ ತಾಳವನ್ನೇ ಬಡಿತವೆಂದು ಎಣಿಸಿಬಿಡುತ್ತದೆ. ಮಣಿಕಟ್ಟಿನ ಮೂಳೆಯಿಂದ ಒಂದೆರಡು ಬೆರಳು ಮೇಲಕ್ಕೆ, ಜಾರದಷ್ಟು ಬಿಗಿಯಾಗಿ ಕಟ್ಟಿ. ಮುಗಿದ ಮೇಲೆ ಸಡಿಲಿಸಿ. ಮಾಡುವ ವ್ಯಾಯಾಮವನ್ನು ಪಟ್ಟಿಯಿಂದ ಆರಿಸಿಯೇ ಶುರುಮಾಡಿ, ಮುಗಿದ ಕೂಡಲೇ ನಿಲ್ಲಿಸಿ. ಟ್ರೆಡ್‌ಮಿಲ್ಲಿನ ಹಿಡಿಕೆ ಹಿಡಿದು ನಡೆದರೆ ಕೈ ಅಲುಗಾಡದೆ ಹೆಜ್ಜೆಗಳು ತಪ್ಪಿಹೋಗುತ್ತವೆ. ಭಾರ ಎತ್ತುವಾಗ ಪರಿಸ್ಥಿತಿ ಇನ್ನೂ ಕಷ್ಟ: ಮುಷ್ಟಿ ಬಿಗಿದಾಗ ಬಡಿತದ ಅಳತೆ ಕೆಡುತ್ತದೆ, ಬಡಿತ ಏರಿದ್ದಕ್ಕೆ ತಕ್ಕಷ್ಟು ಶಕ್ತಿಯೂ ಖರ್ಚಾಗಿರುವುದಿಲ್ಲ. ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಬಡಿತವೇ ತಗ್ಗಿರುವುದರಿಂದ ಬ್ಯಾಂಡ್ ಕಡಿಮೆ ತೋರಿಸಬಹುದು.

ಮುಗಿದ ಮೇಲೆ ತೆರೆಯಲ್ಲಿ ‘ಒಟ್ಟು’ ಮತ್ತು ‘ಸಕ್ರಿಯ’ ಎಂದು ಎರಡು ಬಗೆಯ ಕ್ಯಾಲೊರಿ ಕಾಣಿಸಬಹುದು. ಮೇಲೆ ಹೇಳಿದ ಅದೇ 70 ಕಿಲೊ ತೂಕದವರು 45 ನಿಮಿಷ ಚುರುಕಾಗಿ ನಡೆದರೆಂದುಕೊಳ್ಳಿ. ಅಂಥ ನಡಿಗೆ ಸುಮ್ಮನೆ ಕೂತಿರುವುದರ ಸುಮಾರು 3.5 ಪಟ್ಟು ಶಕ್ತಿ ಬೇಡುತ್ತದೆ. ಕೂತಿದ್ದರೆ ಕಿಲೊಗೆ ಗಂಟೆಗೆ ಹೆಚ್ಚುಕಡಿಮೆ 1 ಕ್ಯಾಲೊರಿ. ಹಾಗಾಗಿ ಒಟ್ಟು ಸುಮಾರು 184. ಆದರೆ ನಡೆಯದೆ ಕುರ್ಚಿಯಲ್ಲಿ ಕೂತಿದ್ದರೂ ಆ ಮುಕ್ಕಾಲು ಗಂಟೆಯಲ್ಲಿ 52 ಖರ್ಚಾಗುತ್ತಿತ್ತು, ಅದು ದಿನದ ಲೆಕ್ಕದಲ್ಲಿ ಆಗಲೇ ಸೇರಿದೆ. ನಡಿಗೆಯಿಂದ ಹೊಸದಾಗಿ ಸಿಕ್ಕಿದ್ದು ಸುಮಾರು 130 ಮಾತ್ರ. ಕೈಯಾರೆ ಬರೆಯುವುದಾದರೆ ಬರೆಯಬೇಕಾದದ್ದು ಈ ಸಕ್ರಿಯ ಅಂಕಿಯನ್ನು.

ಇಷ್ಟೆಲ್ಲ ಸರಿಮಾಡಿಕೊಂಡರೂ ಅಂಕಿ ಅಂದಾಜೇ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 7 ಸಾಧನಗಳನ್ನು 60 ಮಂದಿಯ ಮೇಲೆ ಪರೀಕ್ಷಿಸಿದಾಗ 6 ಸಾಧನಗಳು ಹೃದಯ ಬಡಿತವನ್ನು ಶೇ 5ಕ್ಕಿಂತ ಕಡಿಮೆ ದೋಷದಲ್ಲಿ ಅಳೆದವು. ಕ್ಯಾಲೊರಿಯ ವಿಷಯದಲ್ಲಿ ಮಾತ್ರ ಅತ್ಯಂತ ನಿಖರವಾದದ್ದೂ ಸರಾಸರಿ ಶೇ 27ರಷ್ಟು, ತೀರಾ ಕೆಟ್ಟದ್ದು ಶೇ 93ರಷ್ಟು ತಪ್ಪಿತು. ಆಮೇಲೆ ಸಾಧನಗಳು ಬದಲಾಗಿವೆ ನಿಜ. ಆದರೂ ತೂಕ ಇಳಿಸುವವರು ವ್ಯಾಯಾಮದ ಕ್ಯಾಲೊರಿಯಲ್ಲಿ ಅರ್ಧದಷ್ಟನ್ನು ಮಾತ್ರ ಊಟಕ್ಕೆ ಸೇರಿಸಿಕೊಂಡು ಆರಂಭಿಸುವುದು ಕ್ಷೇಮವೆಂಬುದು ನನ್ನ ಅಭಿಪ್ರಾಯ. ಗಂಟೆಗಟ್ಟಲೆ ಓಡುವವರಿಗೆ, ಸೈಕಲ್ ತುಳಿಯುವವರಿಗೆ ಇದು ಹೊಂದದು; ಅವರು ಅಷ್ಟು ಕಡಿತ ಮಾಡಿದರೆ ಬಳಲುತ್ತಾರೆ.

ಅಂದಾಜನ್ನು ತಿದ್ದಲು ಇರುವ ಸಾಧನ ತೂಕದ ಯಂತ್ರ. ಬೆಳಿಗ್ಗೆ ಒಂದೇ ಹೊತ್ತಿಗೆ ತೂಗಿ, ಏಳು ದಿನಗಳ ಸರಾಸರಿ ತೆಗೆಯಿರಿ. ದಿನದ ಏರಿಳಿತ ಬಹುಪಾಲು ನೀರಿನದ್ದು. ನಾಲ್ಕು ವಾರ ದಿನಕ್ಕೆ 300 ಕ್ಯಾಲೊರಿ ಕೊರತೆಯಿದೆ ಎಂದು ಆ್ಯಪ್ ತೋರಿಸಿದ್ದರೆ ಒಟ್ಟು 8,400 ಆಯಿತು. ಒಂದು ಕಿಲೊ ಕೊಬ್ಬಿಗೆ ಸ್ಥೂಲವಾಗಿ 7,700 ಎಂದರೆ ಸುಮಾರು 1.1 ಕಿಲೊ ಇಳಿಯಬೇಕಿತ್ತು. ಇಳಿದದ್ದು ಅರ್ಧ ಕಿಲೊ ಮಾತ್ರವಾದರೆ ನಿಜವಾದ ಕೊರತೆ ದಿನಕ್ಕೆ 140ರ ಆಸುಪಾಸು. ಉಳಿದ 160 ಬ್ಯಾಂಡಿನ ಅತಿ ಅಂದಾಜಿನಲ್ಲೋ ಬರೆಯಲು ಮರೆತ ತುತ್ತುಗಳಲ್ಲೋ ಅಡಗಿದೆ. ಮೊದಲು ಒಂದು ವಾರ ತಿಂದದ್ದನ್ನೆಲ್ಲ ತೂಕ ಮಾಡಿಯೇ ಬರೆಯಿರಿ. ಊಟದ ಲೆಕ್ಕ ಸರಿಯಾಗಿಯೇ ಇದ್ದರೆ ವ್ಯಾಯಾಮದಿಂದ ಸೇರಿಸಿಕೊಳ್ಳುವ ಪಾಲನ್ನು ಇಳಿಸಿ, ಉಳಿದ ಯಾವ ಸೆಟ್ಟಿಂಗನ್ನೂ ಮುಟ್ಟದೆ ಮತ್ತೆ ನಾಲ್ಕು ವಾರ ನೋಡಿ.