ಮೆಕ್ಕೆಜೋಳದ ತೇವಾಂಶ ಮತ್ತು 650 ಪದಗಳು

ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುವವರಲ್ಲಿ ಅನೇಕರು ‘ಕಾಮನ್ ಆಪ್’ ಎಂಬ ಜಾಲತಾಣದ ಮೂಲಕ ಹೋಗುತ್ತಾರೆ. ಒಂದೇ ಅರ್ಜಿ, ಹಲವು ಕಾಲೇಜುಗಳು. ಅದರಲ್ಲಿ ಒಂದು ವೈಯಕ್ತಿಕ ಪ್ರಬಂಧವಿರುತ್ತದೆ: ಕನಿಷ್ಠ 250 ಪದ, ಗರಿಷ್ಠ 650. ಕೊಟ್ಟಿರುವ ಏಳು ವಿಷಯಗಳಲ್ಲಿ ಒಂದು ‘ನಿಮಗಿಷ್ಟವಾದದ್ದನ್ನು ಬರೆಯಿರಿ’ ಎಂದೇ ಇರುವುದರಿಂದ ಯಾವುದನ್ನು ಆರಿಸಿಕೊಳ್ಳಲಿ ಎಂದು ಕೊರಗುವುದು ವ್ಯರ್ಥ. ದಾವಣಗೆರೆಯ ಪಿಯು ಕಾಲೇಜೊಂದರಲ್ಲಿ ನೀಟ್, ಸಿಇಟಿ ತಯಾರಿಯ ಗದ್ದಲದ ನಡುವೆ ನಾನು ಅದನ್ನು ಬರೆದೆ. ಈಗ ಪರಿಚಯದ ಹುಡುಗ ಹುಡುಗಿಯರು ಕೇಳುತ್ತಿರುತ್ತಾರೆ, ಅದಕ್ಕೇ ಇದು.

ಮೊದಲು ಅರ್ಜಿಯ ಉಳಿದ ಭಾಗವನ್ನು ಪೂರ್ತಿ ತುಂಬಿದೆ. ಅಂಕಗಳಿಗೆ ಬೇರೆ ಜಾಗವಿದೆ. ಪಠ್ಯೇತರ ಚಟುವಟಿಕೆಗಳಿಗೆ ಹತ್ತು ಸಾಲು, ಒಂದೊಂದರ ವಿವರಣೆಗೆ 150 ಅಕ್ಷರ. ಬಹುಮಾನಗಳಿಗೆ ಇನ್ನೊಂದು ಜಾಗ. ಮನೆಯ ಕಷ್ಟ, ಕಾಯಿಲೆ, ಓದು ನಿಂತದ್ದು ಇವುಗಳನ್ನು ಹೇಳಲು ಹೆಚ್ಚುವರಿ ಮಾಹಿತಿಯ ಭಾಗವಿದೆ. ನಾನು ಒಳ್ಳೆಯ ವಿದ್ಯಾರ್ಥಿ ಎಂದು ಹೇಳಲು ಶಿಕ್ಷಕರ ಪತ್ರಗಳಿವೆ. ಇಷ್ಟೆಲ್ಲ ತುಂಬಿದ ಮೇಲೆ ಪ್ರಬಂಧಕ್ಕೆ ಉಳಿಯುವ ಕೆಲಸ ಒಂದೇ: ಒಂದು ಸಂಗತಿ ಎದುರಾದಾಗ ಈ ವ್ಯಕ್ತಿಯ ತಲೆ ಹೇಗೆ ಓಡುತ್ತದೆ ಎಂದು ತೋರಿಸುವುದು.

ವಿಷಯಕ್ಕೆ ಸಲಹೆಗಳು ಧಾರಾಳವಾಗಿ ಬಂದವು. ಬೆಣ್ಣೆ ದೋಸೆ ಬರೆ ಎಂದರು. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರಿನ ಮುಚ್ಚಿದ ಹತ್ತಿ ಗಿರಣಿಗಳನ್ನು ಬರೆ ಎಂದರು. ಪಕ್ಕದ ಚಿತ್ರದುರ್ಗದ ಓಬವ್ವನನ್ನೂ ಯಾರೋ ಕರೆತಂದರು. ಎಲ್ಲವೂ ಚೆನ್ನಾದ ವಿಷಯಗಳೇ, ಆದರೆ ನನ್ನ ಪಕ್ಕದ ಬೆಂಚಿನವನು ಬರೆದರೂ ಅದೇ ವಾಕ್ಯಗಳೇ ಬರುತ್ತಿದ್ದವು. ಆ ಒಂದು ಪರೀಕ್ಷೆಯಲ್ಲಿ ದೋಸೆಯೂ ಗಿರಣಿಯೂ ಬಿದ್ದುಹೋದವು. ಉಳಿದದ್ದು ಮೆಕ್ಕೆಜೋಳ.

ನಮ್ಮ ದೊಡ್ಡಪ್ಪ ಎಪಿಎಂಸಿ ಪ್ರಾಂಗಣದ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಮುಂಗಾರಿನ ಮೆಕ್ಕೆಜೋಳ ಅಕ್ಟೋಬರ್, ನವೆಂಬರ್‌ನಲ್ಲಿ ಬರುತ್ತದೆ. ಆಗ ಜಿಲ್ಲೆಯ ರಸ್ತೆಗಳ ಅಂಚೆಲ್ಲ ಹಳದಿಯಾಗಿರುತ್ತದೆ, ಕಾಳು ಒಣಗಲು ಹಾಸಿರುತ್ತಾರೆ. ರಜೆ ಸಿಕ್ಕಾಗ ನಾನು ಅಂಗಡಿಗೆ ಹೋಗಿ ತೇವಾಂಶದ ಯಂತ್ರದ ಪಕ್ಕ ಕೂರುತ್ತಿದ್ದೆ. ಶೇ 14ರೊಳಗೆ ಇದ್ದರೆ ತಕರಾರಿಲ್ಲ. ಹೆಚ್ಚಿದ್ದರೆ ತೂಕದಲ್ಲಿ ಕಡಿತ, ಇಲ್ಲವೇ ದರದಲ್ಲಿ. ಹಿರಿಯ ರೈತರು ಯಂತ್ರಕ್ಕಿಂತ ಮೊದಲೇ ನಾಲ್ಕು ಕಾಳು ಕಚ್ಚಿ ಅಂದಾಜು ಹೇಳುತ್ತಿದ್ದರು. ಅವರು ಹೇಳಿದ್ದನ್ನೂ ಯಂತ್ರ ತೋರಿಸಿದ್ದನ್ನೂ ನಾನು ಹಳೆಯ ನೋಟ್‌ಬುಕ್ಕಿನಲ್ಲಿ ಅಕ್ಕಪಕ್ಕ ಬರೆದಿಡುತ್ತಿದ್ದೆ. ಕಾಲೇಜಿಗೆ ಉಪಯೋಗವಾದೀತು ಎಂದಲ್ಲ, ಬೇಸರ ಕಳೆಯಲು.

ಆ ಪುಟಗಳನ್ನು ತೆಗೆದು ನೋಡಿದಾಗ ಮೊದಲು ಬಂದ ಯೋಚನೆ, ರೈತನಿಗೆ ಮೋಸವಾಗುತ್ತಿದೆ ಎಂದು ಬರೆಯಬೇಕು ಎಂಬುದೇ. ಓದುವವರ ಕಣ್ಣು ಒದ್ದೆಯಾಗುವಂಥ ಕಥೆ. ಒಂದು ಶೇಕಡಾ ಹೆಚ್ಚು ತೇವಕ್ಕೆ ಕ್ವಿಂಟಲಿಗೆ ಒಂದು ಕಿಲೋ ಕಳೆಯುವ ಲೆಕ್ಕವನ್ನು ಹಿಡಿದುಕೊಂಡೆ. ನೂರು ಕಿಲೋ ಕಾಳಿನಲ್ಲಿ ಶೇ 18 ನೀರಿದ್ದರೆ ಒಣ ಭಾಗ 82 ಕಿಲೋ. ಅದೇ 82 ಕಿಲೋ, ಶೇ 14ಕ್ಕೆ ಒಣಗಿದ ಕಾಳಿನಲ್ಲಿ 86 ಪಾಲು ಆಗಬೇಕು. ಭಾಗಿಸಿದರೆ ಉಳಿಯುವ ತೂಕ ಸುಮಾರು 95.35 ಕಿಲೋ. ಅಂದರೆ ಒಣಗುವಾಗ ನಿಜವಾಗಿ ಹೋಗುವುದು 4.65 ಕಿಲೋ, ಆ ಲೆಕ್ಕದಲ್ಲಿ ಕಳೆಯುವುದು ನಾಲ್ಕೇ. ನಾನು ಹುಡುಕಿಕೊಂಡು ಹೋದ ಖಳನಾಯಕ ಈ ಲೆಕ್ಕದಲ್ಲಿ ಸಿಗಲಿಲ್ಲ, ಬದಲಿಗೆ ರೈತನ ಕಡೆಗೇ 650 ಗ್ರಾಂ ಉಳಿಯಿತು. (650 ಎಂಬ ಸಂಖ್ಯೆ ಆ ವರ್ಷ ನನ್ನ ಬೆನ್ನು ಬಿಡಲೇ ಇಲ್ಲ.)

ಹಾಗಾದರೆ ರೈತರ ಅಸಮಾಧಾನಕ್ಕೆ ಕಾರಣವೇ ಇಲ್ಲವೇ? ಇದೆ, ಅದು ಕಡಿತದ ಲೆಕ್ಕಕ್ಕಿಂತ ಅಳತೆಯ ಹೊತ್ತಿನಲ್ಲಿದೆ. ಬಿಸಿಲಿನಲ್ಲಿ ಕಾಳಿನ ಮೇಲ್ಭಾಗ ಮೊದಲು ಒಣಗುತ್ತದೆ, ಒಳಗಿನ ನೀರು ನಿಧಾನವಾಗಿ ಹೊರಗೆ ಬರುತ್ತದೆ. ಆಗಷ್ಟೇ ಬಿಸಿಲಿನಿಂದ ತುಂಬಿದ ಚೀಲಕ್ಕೆ ಯಂತ್ರ ಕಡಿಮೆ ತೋರಿಸಬಹುದು, ರಾತ್ರಿಯ ಇಬ್ಬನಿಯಲ್ಲಿ ಲಾರಿಯ ಮೇಲೆ ನಿಂತ ಚೀಲಕ್ಕೆ ಹೆಚ್ಚು. ಕಾಳಿನ ಬಿಸಿಯೂ ಯಂತ್ರದ ಓದನ್ನು ಅಲ್ಲಾಡಿಸುತ್ತದೆ. ಯಾವಾಗ ಅಳೆಯಬೇಕು ಎಂದು ನಿರ್ಧರಿಸುವವರು ಯಾರು? ನನ್ನ ಪ್ರಬಂಧ ಈ ಪ್ರಶ್ನೆಯ ಬಳಿ ಬಂದು ನಿಂತಿತು. ಉತ್ತರ ನನ್ನ ಬಳಿ ಇರಲಿಲ್ಲ, ಇದ್ದಂತೆ ನಟಿಸಲೂ ಇಲ್ಲ.

ಬರೆಯುವಾಗ ನನಗೆ ಅಡ್ಡ ಬಂದದ್ದು ಶಾಲೆಯಲ್ಲಿ ಕಲಿತ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರದ ಚೌಕಟ್ಟು. ಹತ್ತು ಅಂಕದ ಪ್ರಬಂಧಕ್ಕೆ ಅದು ಸರಿ. ಇಲ್ಲಿ ಪೀಠಿಕೆಯನ್ನು ಪೂರ್ತಿ ಕಿತ್ತುಹಾಕಿ, ಒಬ್ಬ ರೈತರು ಕಾಳು ಕಚ್ಚಿ ‘ಹದಿನೈದು’ ಎಂದದ್ದು, ಯಂತ್ರ 17.2 ತೋರಿಸಿದ್ದು, ಇಲ್ಲಿಂದಲೇ ಶುರು ಮಾಡಿದೆ. ದಾವಣಗೆರೆ ಎಲ್ಲಿದೆ ಎಂಬುದಕ್ಕೆ ಅರ್ಧ ವಾಕ್ಯ ಸಾಕಾಯಿತು. ಕನ್ನಡದ ಲಲಿತ ಪ್ರಬಂಧಗಳನ್ನು ಓದಿದವರಿಗೆ ಈ ದಾರಿ ಅಪರಿಚಿತವಲ್ಲ, ಅಲ್ಲಿ ಲೇಖಕ ಒಂದು ಸಣ್ಣ ಸಂಗತಿಯ ಸುತ್ತ ಹರಟುತ್ತಲೇ ತನ್ನನ್ನು ತೋರಿಸಿಕೊಳ್ಳುತ್ತಾನೆ. ನಮ್ಮ ಕಡೆಯ ಮಕ್ಕಳಿಗೆ ತಮ್ಮನ್ನು ತಾವೇ ಹೊಗಳಿಕೊಳ್ಳಲು ಸಂಕೋಚ. ಆ ಸಂಕೋಚ ಒಳ್ಳೆಯದೇ, ಬಿಡಬೇಕಾಗಿಲ್ಲ. ‘ನನಗೆ ಕುತೂಹಲ ಹೆಚ್ಚು’ ಎಂದು ಬರೆಯದೆ, ಬರೆದಿಟ್ಟೆ, ಭಾಗಿಸಿದೆ, ಮತ್ತೆ ಅಳೆದೆ ಎಂಬ ಕ್ರಿಯಾಪದಗಳನ್ನಷ್ಟೇ ಇಟ್ಟೆ.

ತಿದ್ದುವವರ ಬಗ್ಗೆ ನನಗೆ ಖಚಿತ ಅಭಿಪ್ರಾಯವಿದೆ. ಹಣ ಕೊಟ್ಟರೆ ಪ್ರಬಂಧವನ್ನೇ ಬರೆದುಕೊಡುತ್ತೇವೆ ಎನ್ನುವವರಿದ್ದಾರೆ. ಎಐ ತಂತ್ರಾಂಶವೂ ನಿಮಿಷದಲ್ಲಿ ಬರೆದುಕೊಡುತ್ತದೆ. ಎರಡೂ ಬೇಡ. ಬರೆದದ್ದು ನನ್ನದೇ ಎಂದು ಸಹಿ ಮಾಡಿಯೇ ಅರ್ಜಿ ಸಲ್ಲಿಸಬೇಕು, ಮತ್ತು ಎಐ ಬರೆದದ್ದನ್ನು ತನ್ನದೆಂದು ಕೊಡುವುದನ್ನು ಕಾಮನ್ ಆಪ್ ವಂಚನೆಯ ಪಟ್ಟಿಗೆ ಸೇರಿಸಿದೆ. ನನ್ನ ಇಂಗ್ಲಿಷ್ ಉಪನ್ಯಾಸಕರಿಗೆ ಒಂದೇ ಕೋರಿಕೆ ಇಟ್ಟೆ: ವ್ಯಾಕರಣ ತಿದ್ದಿ, ಪದಗಳನ್ನು ಬದಲಿಸಬೇಡಿ. ದೊಡ್ಡಪ್ಪನಿಗೆ ಇಡೀ ಪ್ರಬಂಧವನ್ನು ಕನ್ನಡದಲ್ಲಿ ಹೇಳಿದೆ. ಅವರು ಕೇಳಿ, ಸ್ಯಾಂಪಲ್ ತೆಗೆಯುವವನು ಚೀಲದ ಬಾಯಿಂದಷ್ಟೇ ಅಲ್ಲ, ತಳದಿಂದಲೂ ತೆಗೆಯುತ್ತಾನೆ, ಅದನ್ನು ಸೇರಿಸು ಎಂದರು. ಸೇರಿಸಿದೆ. ಭಾಷೆ ತಿದ್ದಿದ ಯಾರಿಗೂ ಅದು ಹೊಳೆದಿರಲಿಲ್ಲ.

ಇನ್ನು ಗಡುವು. ಹಲವು ಕಾಲೇಜುಗಳ ಮೊದಲ ಸುತ್ತು ನವೆಂಬರ್ 1ಕ್ಕೆ, ಸಾಮಾನ್ಯ ಸುತ್ತು ಜನವರಿಯ ಆರಂಭಕ್ಕೆ ಮುಗಿಯುತ್ತದೆ. ಕಾಮನ್ ಆಪ್ ತೆರೆಯುವುದು ಆಗಸ್ಟ್ 1ಕ್ಕೆ, ಆದರೆ ಪ್ರಬಂಧಕ್ಕೆ ಅಲ್ಲಿಯವರೆಗೆ ಕಾಯಬೇಕಿಲ್ಲ. ಅರ್ಜಿಯಲ್ಲಿ ವಿದ್ಯಾರ್ಥಿಯ ಕಾಲೇಜಿನ ಸಲಹೆಗಾರರು ತುಂಬಬೇಕಾದ ಒಂದು ಭಾಗವಿದೆ. ನಮ್ಮಲ್ಲಿ ಪ್ರತ್ಯೇಕ ಸಲಹೆಗಾರರಿಲ್ಲದ ಕಾಲೇಜುಗಳೇ ಹೆಚ್ಚು, ಪ್ರಾಂಶುಪಾಲರೇ ಆ ಭಾಗ ತುಂಬಬೇಕಾಗುತ್ತದೆ. ಅವರಿಗೆ ದಸರಾ ರಜೆಗೆ ಮುಂಚೆಯೇ ಹೇಳಿಡಿ. ಸಲ್ಲಿಸುವ ಮೊದಲು ಪಿಡಿಎಫ್ ಮುನ್ನೋಟವನ್ನು ಪೂರ್ತಿ ಓದಿ, ಪ್ಯಾರಾಗಳು ಅಂಟಿಕೊಂಡಿದ್ದರೆ ಅಲ್ಲೇ ಕಾಣುತ್ತದೆ. ಒಂದು ಕಾಲೇಜಿಗೆ ಕಳುಹಿಸಿದ ಮೇಲೂ ಮುಂದಿನದಕ್ಕೆ ಪ್ರಬಂಧವನ್ನು ತಿದ್ದಬಹುದು. ದೊಡ್ಡಪ್ಪ ಹೇಳಿದ ಚೀಲದ ತಳದ ಮಾತು ನನ್ನ ಪ್ರಬಂಧಕ್ಕೆ ಸೇರಿದ್ದು ಹಾಗೆಯೇ, ಮೊದಲ ಅರ್ಜಿ ಹೋದ ನಂತರ.