ಹಳೆಯ ‘ಟಿಎಫ್’ ಕಾರ್ಬನ್ ಕಾಲಮಾನಗಳನ್ನು ಇಂದಿನ ಲೆಕ್ಕಕ್ಕೆ ತರುವ ಬಗೆ

ಹಳ್ಳೂರು, ತೆಕ್ಕಲಕೋಟೆಯಂಥ ಕಡೆ 1960ರ ದಶಕದಲ್ಲಿ ಅಗೆದಾಗ ಸಿಕ್ಕ ಇದ್ದಿಲಿನ ವಯಸ್ಸು, ಅದರಲ್ಲಿ ಉಳಿದ ಕಾರ್ಬನ್-14 ಅಳೆದು ಗೊತ್ತಾದದ್ದು ಮುಂಬೈಯಲ್ಲಿ, ಟಿಐಎಫ್‌ಆರ್‌ನ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ಪ್ರಯೋಗಾಲಯದಲ್ಲಿ. ಅಲ್ಲಿನ ಮಾದರಿಗಳ ಗುರುತು ‘ಟಿಎಫ್’. ಕೆಲಸ ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯಕ್ಕೆ ಹೋದ ಮೇಲಿನವು ‘ಪಿಆರ್‌ಎಲ್’. ಮುಂಬೈ, ಪುಣೆಯಲ್ಲಿ ಕೂತು ಕರ್ನಾಟಕದ ನವಶಿಲಾಯುಗದ ಮೇಲೆ ಪ್ರಬಂಧ ಬರೆಯುವ ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಈ ಅಂಕಿಗಳನ್ನು ಯಾವುದೋ ಪುಸ್ತಕದ ಅನುಬಂಧದಿಂದ ಎತ್ತಿ ಹಾಗೇ ಬಳಸಿಬಿಡುತ್ತಾರೆ. ಹಾಗೆ ಮಾಡಿದರೆ ನೂರು ವರ್ಷ ತಪ್ಪುವುದು ಸಲೀಸು.

ಮೊದಲು ಪ್ರಯೋಗಾಲಯವೇ ಪ್ರಕಟಿಸಿದ ಪಟ್ಟಿ ಹಿಡಿಯಿರಿ. ಅವು ‘ರೇಡಿಯೊಕಾರ್ಬನ್’ ನಿಯತಕಾಲಿಕದಲ್ಲಿ ಬಂದಿವೆ. ಹಳೆಯ ಸಂಚಿಕೆಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಜೊತೆಗೆ ಉತ್ಖನನದ ವರದಿ ಬೇಕು. ಪುಣೆಯವರಿಗೆ ಯರವಡಾದ ಡೆಕ್ಕನ್ ಕಾಲೇಜಿನ ಗ್ರಂಥಾಲಯ ಇದ್ದೇ ಇದೆ. ಇದ್ದಿಲು ಯಾವ ಪದರದ್ದು, ಎಷ್ಟು ಆಳದ್ದು ಎಂಬುದು ಎರಡೂ ಕಡೆ ತಾಳೆಯಾಗದಿದ್ದರೆ ಎರಡನ್ನೂ ಬರೆದಿಟ್ಟುಕೊಳ್ಳಿ, ನೀವೇ ತಿದ್ದಬೇಡಿ.

ಸ್ಪ್ರೆಡ್‌ಶೀಟಿನಲ್ಲಿ ಒಂದು ಮಾದರಿಗೆ ಒಂದೇ ಸಾಲು. ಮಾದರಿ ಸಂಖ್ಯೆಯನ್ನು ಒಂದೇ ರೀತಿ ಬರೆಯಿರಿ: ‘ಟಿಎಫ್-570’, ‘ಟಿಎಫ್ 570’, ‘ಟಿಎಫ್570’ ಎಂದು ಬೇರೆ ಬೇರೆಯಾಗಿ ಹಾಕಿದರೆ ಒಂದೇ ಇದ್ದಿಲು ಮೂರಾಗಿ ಎಣಿಕೆಗೆ ಬರುತ್ತದೆ. ವಯಸ್ಸಿಗೊಂದು ಕಾಲಂ, ± ದೋಷಕ್ಕೊಂದು, ಬಳಸಿದ ಅರ್ಧಾಯುಷ್ಯಕ್ಕೊಂದು (ಕಾರ್ಬನ್-14 ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ). ಮುದ್ರಿತ ಪಾಠವನ್ನು ಇದ್ದಂತೆಯೇ ಇಡುವ ಇನ್ನೊಂದು ಕಾಲಂ ಇರಲಿ, ಅದನ್ನು ಯಾವತ್ತೂ ಮುಟ್ಟಬೇಡಿ. ಊರಿನ ಹೆಸರಿನ ಜೊತೆ ಅಕ್ಷಾಂಶ, ರೇಖಾಂಶ ಬೇಕೇಬೇಕು. ಇದ್ದಿಲು ಸಿಕ್ಕ ಹಳ್ಳೂರು ತುಂಗಭದ್ರೆಯ ದಂಡೆಯಲ್ಲಿದೆ, ಹಾವೇರಿ ಜಿಲ್ಲೆಯದು. ಬಾಗಲಕೋಟೆ ಜಿಲ್ಲೆಯಲ್ಲೂ ಒಂದು ಹಳ್ಳೂರಿದೆ.

ಎಡವುವುದು ಅರ್ಧಾಯುಷ್ಯದಲ್ಲಿ. ಕಾರ್ಬನ್-14ರ ಅರ್ಧಾಯುಷ್ಯ 5730 ವರ್ಷ. ಆದರೆ ಈ ವಿಧಾನ ರೂಪಿಸಿದ ವಿಜ್ಞಾನಿ ಲಿಬ್ಬಿ ಬಳಸಿದ 5568ನ್ನೇ ರೂಢಿಯಾಗಿ ಉಳಿಸಿಕೊಳ್ಳಲಾಗಿದೆ, ಕಾರ್ಬನ್ ವಯಸ್ಸನ್ನು ಪಂಚಾಂಗದ ವರ್ಷಕ್ಕೆ ತರುವ ಇಂದಿನ ಕ್ಯಾಲಿಬ್ರೇಶನ್ ರೇಖೆಗಳೂ ಅದನ್ನೇ ಬೇಡುತ್ತವೆ. ನಮ್ಮ ಹಳೆಯ ಬರಹಗಳಲ್ಲಿ ಎರಡೂ ಇವೆ. ಹಳ್ಳೂರಿನ ಟಿಎಫ್-570ನ್ನೇ ನೋಡಿ. 5568ರ ಪ್ರಕಾರ 2970±105 ಬಿಪಿ (ಅಂದರೆ 1950ಕ್ಕಿಂತ ಅಷ್ಟು ವರ್ಷ ಹಿಂದೆ). 5730ರ ಪ್ರಕಾರ ಸುಮಾರು 3055. ಇದರಲ್ಲಿ 1950 ಕಳೆದು ‘ಕ್ರಿ.ಪೂ. 1105’ ಎಂದು ಅಚ್ಚಾದದ್ದೂ ಉಂಟು. ಅದು ಪಂಚಾಂಗದ ವರ್ಷವಲ್ಲ, ಕ್ಯಾಲಿಬ್ರೇಟ್ ಆಗದ ಅಂಕಿ. ಇಂಥದ್ದು ಕಂಡರೆ 1950 ಕೂಡಿಸಿ, 5730ರ ಲೆಕ್ಕವಾಗಿದ್ದರೆ 1.029ರಿಂದ (5730 ÷ 5568) ಭಾಗಿಸಿ: 3055 ÷ 1.029 = 2969, ಹತ್ತಕ್ಕೆ ಸರಿಮಾಡಿದರೆ 2970. ಹಾಗೆ ಮಾಡದೆ 3055ನ್ನೇ ತುಂಬಿದರೆ ಫಲಿತಾಂಶ ನೂರು ವರ್ಷಕ್ಕೂ ಮಿಕ್ಕಿ ಹಿಂದಕ್ಕೆ ಜಾರುತ್ತದೆ. ದಕ್ಷಿಣದಲ್ಲಿ ಕಬ್ಬಿಣ ಯಾವಾಗ ಬಂತು ಎಂಬ ವಾದಕ್ಕೆ ಇದೇ ಮಾದರಿಯನ್ನು ಎಳೆತರುತ್ತಾರೆ, ಹಾಗಾಗಿ ಆ ನೂರು ವರ್ಷ ಸಣ್ಣದಲ್ಲ.

ಇನ್ನು ರಸಾಯನದ ಕಡೆ. ಪಟ್ಟಿಯ ಟಿಪ್ಪಣಿಗಳಲ್ಲಿ ಎಳೆ ಬೇರುಗಳು ಕಂಡವೇ, ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ತೊಳೆದರೇ ಎಂದು ನೋಡಿ. ಆಮ್ಲದಿಂದ ಸುಣ್ಣದ ಅಂಶ ಹೋಗುತ್ತದೆ, ಮಣ್ಣಿನ ಹ್ಯೂಮಿಕ್ ಆಮ್ಲ ಹೋಗಬೇಕಾದರೆ ಕ್ಷಾರವೇ ಬೇಕು. ಅದು ಉಳಿದರೆ ವಯಸ್ಸು ಸಾಮಾನ್ಯವಾಗಿ ಕಡಿಮೆ ಬರುತ್ತದೆ. ತದ್ವಿರುದ್ಧವಾಗಿ, ಹಳೆಯ ಮರದ ತಿರುಳಿನ ಇದ್ದಿಲಾದರೆ ಮನೆಗಿಂತ ಕಂಬವೇ ಹಳೆಯದಾಗಿ ಕಾಣುತ್ತದೆ. ಸುಟ್ಟ ಜೋಳ, ರಾಗಿಯ ಕಾಳಾಗಿದ್ದು ಕಾರ್ಬನ್-13ರ ತಿದ್ದುಪಡಿ (ಗಿಡದಿಂದ ಗಿಡಕ್ಕೆ ಕಾರ್ಬನ್ ಹೀರುವ ಬಗೆಯ ವ್ಯತ್ಯಾಸ ಸರಿಪಡಿಸುವುದು) ಆಗಿರದಿದ್ದರೆ ಸುಮಾರು 200ರಿಂದ 250 ವರ್ಷ ಎಳೆಯದಾಗಿ ತೋರುತ್ತದೆ. ಮರದ ಇದ್ದಿಲಿಗೆ ಈ ತಲೆಬಿಸಿ ಅಷ್ಟಿಲ್ಲ. ಕೊಂಕಣ ಕರಾವಳಿಯ ಚಿಪ್ಪುಗಳ ಲೆಕ್ಕವೇ ಬೇರೆ, ಅದಕ್ಕೆ ಸಮುದ್ರದ ರೇಖೆ ಬಳಸಬೇಕು.

ಕೊನೆಗೆ ಕ್ಯಾಲಿಬ್ರೇಶನ್ ಮಾಡುವ ತಂತ್ರಾಂಶ ಆಕ್ಸ್‌ಕ್ಯಾಲ್ ತೆರೆದು ಮಾದರಿ ಸಂಖ್ಯೆ, ಬಿಪಿ, ದೋಷ ಈ ಮೂರನ್ನು ಕೊಟ್ಟು ಇಂಟ್‌ಕ್ಯಾಲ್20 ಎಂಬ ರೇಖೆ ಆರಿಸಿ. ಉತ್ತರದಲ್ಲಿ 95.4 ಪ್ರತಿಶತ ಸಂಭವನೀಯತೆಯ ಇಡೀ ವ್ಯಾಪ್ತಿಯನ್ನು ಬರೆಯಿರಿ. ±105 ಇರುವ ಮಾದರಿಗೆ ಅದು ಸುಮಾರು ಐನೂರು ವರ್ಷ ಅಗಲ ಬರುತ್ತದೆ. ನಡುವಿನ ಒಂದು ವರ್ಷ ಹೆಕ್ಕಿ ‘ಇದೇ ಕಾಲ’ ಎನ್ನುವುದು ಶುದ್ಧ ತಪ್ಪು. ರೇಖೆಯ ಹೆಸರನ್ನೂ ಪಕ್ಕದಲ್ಲೇ ದಾಖಲಿಸಿ, ಇಂಟ್‌ಕ್ಯಾಲ್13ರಲ್ಲಿ ಮಾಡಿದ ಹಳೆಯ ಪ್ರಬಂಧದ ಅಂಕಿ ನಿಮ್ಮದಕ್ಕೆ ಪೂರ್ತಿ ಹೊಂದದೇ ಹೋಗಬಹುದು. ಕಡತವನ್ನು ಯುಟಿಎಫ್-8ರಲ್ಲಿ ಉಳಿಸಿ, ಇಲ್ಲದಿದ್ದರೆ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಕನ್ನಡದ ಊರ ಹೆಸರೆಲ್ಲ ಪ್ರಶ್ನೆಚಿಹ್ನೆಗಳಾಗುತ್ತವೆ.