ಸೀಟ್ ಹೆಚ್ಚಾದ್ವು ಖರೆ, ಕೂಡಾಕ ಜಾಗ ಅದ ಏನ್? ಅಡ್ಮಿಷನ್‌ಗಿಂತ ಮೊದ್ಲು ನೋಡೂದು ಹೆಂಗ

ನಮ್ಮ ಅಕ್ಕನ ಮಗ ಕಲಬುರಗಿ ಒಂದ್ ಕಾಲೇಜಿನ್ಯಾಗ ಕಂಪ್ಯೂಟರ್ ಸೈನ್ಸ್ ಸೇರ್ದ, ಮೊದಲ್ನೇ ವಾರನೇ ಫೋನ್ ಹಚ್ಚಿ "ಮಾಮಾ, ಒಂದ್ ಬೆಂಚಿಗಿ ನಾಕ್ ಮಂದಿ ಕೂಡ್ತೀವಿ, ತಡಾ ಆದ್ರ ಬಾಗಿಲ್ದಾಗ ನಿಂತೇ ಕ್ಲಾಸ್ ಕೇಳ್ಬೇಕು" ಅಂದ. ಅದಕ್ಕ ಇದು ಬರೀಲತ್ತೀನಿ.

ಎಕರೆ ಲೆಕ್ಕಕ್ಕ ಮರುಳಾಗಬ್ಯಾಡ್ರಿ. ಗುಲ್ಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಕ್ಯಾಂಪಸ್ ಸುಮಾರು 860 ಎಕರೆ, ಕಡಗಂಚಿ ಸೆಂಟ್ರಲ್ ಯೂನಿವರ್ಸಿಟಿ 654 ಎಕರೆ, ಭೂಮಿಗೇನು ನಮ್ಮ ಕಡಿ ಬರ ಇಲ್ಲ, ಆದ್ರ ಹುಡುಗ್ರು ಕೂಡೂದು ಖೋಲಿ ಒಳಗ. ಖೋಲಿ ಎಷ್ಟು, ಲ್ಯಾಬ್ ಎಷ್ಟು, ಹಾಸ್ಟೆಲ್‌ನಾಗ ಕಾಟ್ ಎಷ್ಟು ಅಂತ ಕೇಳ್ರಿ.

ಇಂಜಿನಿಯರಿಂಗ್ ಇದ್ರ ಎಐಸಿಟಿಇ (ಇಂಥ ಕಾಲೇಜಿಗಿ ಪರ್ಮಿಷನ್ ಕೊಡೋ ಕೇಂದ್ರದ ಮಂಡಳಿ) ಲೆಕ್ಕದಾಗ 60 ಮಂದಿ ಕ್ಲಾಸಿಗಿ 66 ಚದರ ಮೀಟರ್ ಖೋಲಿ ಬೇಕು, ತಲಿಗಿ ಒಂದ್ ಚದರ ಮೀಟರಿನ ಮ್ಯಾಲ ಜರಾ ಅಷ್ಟೇ, ಅದ್ರಾಗೇ 90 ಮಂದಿ ತುರುಕಿದ್ರ ಮುಗೀತು. 2024ರಿಂದ ಛಲೋ ನಡಸೋ ಕಾಲೇಜಿಗಿ ಬ್ರ್ಯಾಂಚಿನ ಸೀಟಿಗಿದ್ದ ಮಿತಿನೂ ತೆಗದಾರ, ಹಂಗಾಗಿ ಕಾಲೇಜ್ ವೆಬ್‌ಸೈಟಿನ್ಯಾಗ ಮ್ಯಾಂಡೇಟರಿ ಡಿಸ್‌ಕ್ಲೋಷರ್ (ಕಾಲೇಜ್ ತನ್ನ ಮಾಹಿತಿ ಹಾಕಲೇಬೇಕಾದ ಕಾಗದ) ತೆಗದು, ಮೂರ್ ವರ್ಷದ ಇಂಟೇಕ್, ಅಂದ್ರ ಸೀಟಿನ ಲೆಕ್ಕ, ಒಂದ್ ಹಾಳ್ಯಾಗ ಬರ್ಕೊಂಡು, ಬಾಜೂಕ ಅಷ್ಟ್ರಾಗ ಕಟ್ಟಿದ ಹೊಸ ಕಟ್ಟಡ ಬರೀರಿ. ಒಂದ್ ಕಡಿ ಅಂಕಿ ಏರ್ಯಾವ, ಇನ್ನೊಂದ್ ಕಡಿ ಖಾಲಿ ಅದ ಅಂದ್ರ ತಿಳಕೋರಿ.

ಆಮ್ಯಾಲ ಹೋಗಿ ನೋಡ್ರಿ. ಅಡ್ಮಿಷನ್ ಟೈಮಿನ್ಯಾಗ ಕಾಲೇಜ್ ಖಾಲಿ ಇರ್ತದ, ಎಲ್ಲಾ ಛಂದ ಕಾಣ್ತದ, ಅದಕ್ಕ ಸೆಮಿಸ್ಟರ್ ನಡದಾಗ ಬೆಳಿಗ್ಗಿ 11ಕ್ಕ ಹೋಗ್ರಿ. ಲೈಬ್ರರಿನ್ಯಾಗ ಕುರ್ಚಿ ಖಾಲಿ ಅವ ಏನ್, ಒಂದ್ ಕಂಪ್ಯೂಟರಿಗಿ ಎಷ್ಟ್ ಮಂದಿ? ಕೌಂಟರ್‌ನ್ಯಾಗ ಕುಂತವ್ರಿಗಿ ಕೇಳಬ್ಯಾಡ್ರಿ, ಗೇಟ್ ಮುಂದಿನ ಚಾ ಅಂಗಡ್ಯಾಗ ಸೀನಿಯರ್ ಹುಡುಗ್ರಿಗಿ ಕೇಳ್ರಿ.

ಮಾಸ್ತರ್ ಲೆಕ್ಕಾನೂ ನೋಡ್ರಿ. ಕೇಂದ್ರ ಸರ್ಕಾರ ಕಾಲೇಜಿಗಿ ಕೊಡೋ ಎನ್‌ಐಆರ್‌ಎಫ್ ರ‍್ಯಾಂಕಿನ್ಯಾಗ ಇಂಜಿನಿಯರಿಂಗಿಗಿ 15 ಮಂದಿಗಿ ಒಬ್ಬ ಮಾಸ್ತರ್ ಇದ್ರ ಮಾಸ್ತರ್ ಲೆಕ್ಕಕ್ಕ ಪೂರಾ ಮಾರ್ಕ್ಸ್, ಹುಡುಗ್ರು ಹೆಚ್ಚಾಗಿ ಮಾಸ್ತರ್ ಅಷ್ಟೇ ಉಳದ್ರ ಹೆಸರೂ ಇಳೀತದ.

ಹೆಸರಿನ ಮಾತಿಗಿ ಬಂದ್ರ, ನಮ್ಮ ಮಂದಿ "ಸೀಟ್ ಸಿಗಂಗಿಲ್ಲ" ಅಂದ್ರ ದೊಡ್ಡ ಕಾಲೇಜ್, "ಎಲ್ಲಾರಿಗೂ ಸಿಕ್ತದ" ಅಂದ್ರ ಹಗುರ ಅಂತಾರ, ನನಗ ಇದು ಸೇರಂಗಿಲ್ಲ. ಕಲ್ಯಾಣ ಕರ್ನಾಟಕಕ್ಕ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ಬಂದಮ್ಯಾಲ ನಮ್ಮ ಕಡಿ 70% ಸೀಟ್ ಇಲ್ಲೇ ಮಕ್ಕಳಿಗೇ ಸಿಗ್ತಾವ, ಮನ್ಯಾಗ ಮೊದಲ್ನೇದಾಗಿ ಡಿಗ್ರಿ ಓದೋರು ಬರಲತ್ತಾರ, ಸೀಟ್ ಹೆಚ್ಚಾಗೂದು ತಪ್ಪಲ್ಲ, ಖೋಲಿ ಕಟ್ಟದೇ ಇರೂದು ತಪ್ಪು. ಬೀದರ್ ಕಡಿಯೋರಿಗಿ, ಯಾದಗಿರಿಯೋರಿಗಿ ಈಗ ಬೀದರ್, ರಾಯಚೂರು ಯೂನಿವರ್ಸಿಟಿ ಬ್ಯಾರೆನೇ ಆಗ್ಯಾವ. ಹೆಸರು ಹೊಸಾದು ಅಂತ ಅಂಜಬ್ಯಾಡ್ರಿ, ಇದೇ ಪ್ರಶ್ನೆ ಅಲ್ಲೂ ಕೇಳ್ರಿ.

ಹಾಸ್ಟೆಲ್ ನೋಡಾಕ ಮಾತ್ರ ಮಧ್ಯಾಹ್ನ ಹೋಗಬ್ಯಾಡ್ರಿ. ಬೆಳಿಗ್ಗಿ 7ಕ್ಕ ಹೋಗ್ರಿ, ಬಕೆಟ್ ಸಾಲು ಎಲ್ಲಿ ತನಕ ಅದ ನೋಡ್ರಿ.